ತಿಂಗಳ ವರಮಾನಕ್ಕೆ ಸಾಲಪತ್ರ ಫಂಡು

ಅಡಿಕೆ ಮಾರಿದ ಹಣವಾಗಲಿ, ರಸ್ತೆಗೆ ಹೋದ ಜಮೀನಿನ ಪರಿಹಾರವಾಗಲಿ ಒಂದೇ ಸಲ ಕೈಗೆ ಬರುತ್ತದೆ. ಖರ್ಚು ಮಾತ್ರ ತಿಂಗಳು ತಿಂಗಳೂ ಬರುತ್ತದೆ. ಮಕ್ಕಳ ಫೀಸು, ಔಷಧಿ, ಹಸುವಿನ ಹಿಂಡಿ, ಇವು ಸುಗ್ಗಿಗೆ ಕಾಯುವುದಿಲ್ಲ. ಆದ್ದರಿಂದ ಅನೇಕರು ಕೇಳುತ್ತಾರೆ: "ಸ್ವಾಮಿ, ಕಂಪನಿ ಬಾಂಡ್ ಫಂಡಿಗೆ ಹಾಕಿದ್ರೆ ತಿಂಗಳಾ ದುಡ್ಡು ಬರುತ್ತಂತೆ, ಹೌದಾ?" ಬರುತ್ತದೆ. ಆದರೆ ಅದು ಎಲ್ಲಿಂದ ಬರುತ್ತದೆ ಎಂದು ತಿಳಿಯದೆ ಹಾಕಿದರೆ ಬಿತ್ತನೆ ಬೀಜವನ್ನೇ ಬೇಯಿಸಿ ಉಂಡ ಹಾಗಾದೀತು.

ಬಾಂಡ್ ಎಂದರೆ ಸಾಲಪತ್ರ. ಕಂಪನಿಗಳು ಸಾಲ ಪಡೆದು, ಇಷ್ಟು ಬಡ್ಡಿ, ಇಂಥ ದಿನ ಅಸಲು ಎಂದು ಬರೆದುಕೊಡುತ್ತವೆ. ಫಂಡು ಸಾವಿರಾರು ಜನರ ಹಣ ಕೂಡಿಸಿ ಇಂಥ ಅನೇಕ ಪತ್ರಗಳನ್ನು ಕೊಳ್ಳುತ್ತದೆ. ಅದರಲ್ಲಿ ನಮಗೆ ಸಿಗುವ ಪಾಲಿಗೆ ಯೂನಿಟ್ ಎನ್ನುತ್ತಾರೆ. ಯೂನಿಟ್ಟಿನ ಬೆಲೆ ಏರುವುದೂ ಉಂಟು, ಇಳಿಯುವುದೂ ಉಂಟು.

ಫಂಡುಗಳ ಮೇಲೆ ನಿಗಾ ಇಡುವ ಮಂಡಳಿ ಸೆಬಿ. ಅದು 2017ರಲ್ಲಿ ಮಾಡಿದ ವಿಂಗಡಣೆಯಂತೆ, ಕಾರ್ಪೊರೇಟ್ ಬಾಂಡ್ ಫಂಡು ನೂರಕ್ಕೆ 80 ಪಾಲನ್ನಾದರೂ 'ಎಎ ಪ್ಲಸ್' ಅಥವಾ ಅದಕ್ಕೂ ಮೇಲಿನ ದರ್ಜೆಯ ಪತ್ರಗಳಲ್ಲಿ ಇಡಬೇಕು. ಅಲ್ಪಾವಧಿ ಫಂಡಿನ ಪತ್ರಗಳ ಸರಾಸರಿ ಅವಧಿ 1ರಿಂದ 3 ವರ್ಷ. ಹೊಸ ಪತ್ರಕ್ಕೆ ಹೆಚ್ಚು ಬಡ್ಡಿ ಸಿಕ್ಕರೆ ಹಳೆಯದರ ಬೆಲೆ ಬೀಳುತ್ತದೆ. ಅವಧಿ ಚಿಕ್ಕದಾದಷ್ಟೂ ಆ ಬೀಳು ಕಡಿಮೆ.

ಈಗ ತಿಂಗಳ ಹಣದ ವಿಚಾರ. ನೀವು ಬರೆದುಕೊಟ್ಟಷ್ಟು ಮೊತ್ತಕ್ಕೆ ಫಂಡಿನವರು ಪ್ರತಿ ತಿಂಗಳು ನಿಮ್ಮ ಯೂನಿಟ್ಟುಗಳನ್ನೇ ಮಾರಿ ಬ್ಯಾಂಕ್ ಖಾತೆಗೆ ಹಾಕುತ್ತಾರೆ. ಇದಕ್ಕೆ ಎಸ್.ಡಬ್ಲ್ಯು.ಪಿ. ಎಂದು ಹೆಸರು. ಇದು ಬಡ್ಡಿಯಲ್ಲ, ಚೆನ್ನಾಗಿ ನೆನಪಿಡಿ. ನೀವು 3 ಲಕ್ಷ ರೂಪಾಯಿ ಇಟ್ಟಿರಿ ಎನ್ನೋಣ. ಲೆಕ್ಕಕ್ಕೆ ಶೇಕಡ 7 ದುಡಿಯಿತು ಎಂದು ಹಿಡಿಯೋಣ, ಖಾತರಿ ಏನೂ ಇಲ್ಲ. ವರ್ಷಕ್ಕೆ 21,000 ಆಯಿತು. ತಿಂಗಳಿಗೆ 1,500 ತೆಗೆದರೆ ವರ್ಷಕ್ಕೆ 18,000, ಅಸಲು ಉಳಿಯುತ್ತದೆ. ತಿಂಗಳಿಗೆ 3,000 ತೆಗೆದರೆ ಸುಮಾರು 12 ವರ್ಷದಲ್ಲಿ ಗಂಟು ಪೂರಾ ಖಾಲಿ. ಕೆರೆಗೆ ಬರುವ ನೀರಿಗಿಂತ ತೂಬಿನಲ್ಲಿ ಹೋಗುವ ನೀರು ಹೆಚ್ಚಾದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕೆ?

ಇನ್ನೊಂದು ಎಚ್ಚರಿಕೆ. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಉಂಟು, ಫಂಡಿಗೆ ಇಲ್ಲ. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್‌ಟನ್ ಸಂಸ್ಥೆ ಆರು ಸಾಲಪತ್ರ ಫಂಡುಗಳನ್ನು ಮುಚ್ಚುವುದಾಗಿ ಸಾರಿತು. ಸುಮಾರು 25,000 ಕೋಟಿ ರೂಪಾಯಿ ಸಿಕ್ಕಿಕೊಂಡಿತು. ಹೆಚ್ಚು ಬಡ್ಡಿ ಕೊಡುವ ಕೆಳದರ್ಜೆಯ ಪತ್ರಗಳು ಅವುಗಳಲ್ಲಿ ಬಹಳ ಇದ್ದವು, ಕೋವಿಡ್ ಕಾಲದಲ್ಲಿ ಅವನ್ನು ಕೊಳ್ಳುವವರಿಲ್ಲ. ಹಣ ಹಾಕಿದವರ ಒಪ್ಪಿಗೆಯಿಲ್ಲದೆ ಮುಚ್ಚುವಂತಿಲ್ಲ ಎಂದು ಅದೇ ಅಕ್ಟೋಬರಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ತೀರ್ಪಿತ್ತಿತು. ಹಣ 2021ರಿಂದ ಕಂತುಕಂತಾಗಿ ಮರಳಿತು. ಆದರೆ ಆಸ್ಪತ್ರೆಗೋ ಮದುವೆಗೋ ಬೇಕಾದ ದಿನ ಅದು ಕೈಗೆ ಸಿಗಲಿಲ್ಲ. ಆ ಆರರಲ್ಲಿ ಒಂದರ ಹೆಸರಿನಲ್ಲೇ 'ಅಲ್ಪಾವಧಿ ವರಮಾನ' ಎಂದಿತ್ತು! ಆದ್ದರಿಂದ ಹೆಸರು ನೋಡಿ ಮರುಳಾಗಬೇಡಿ. ಫಂಡು ಯಾವ ದರ್ಜೆಯ ಪತ್ರಗಳನ್ನು ಇಟ್ಟುಕೊಂಡಿದೆ ಎಂಬ ಪಟ್ಟಿ ಹೊರಬರುತ್ತಿರುತ್ತದೆ. ಅದನ್ನು ಓದಿದ ಮಕ್ಕಳಿಂದ ಓದಿಸಿ ಕೇಳಿ.

ತೆರಿಗೆಯ ಮಾತೂ ಇದೆ. ಬೆಳೆಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ಬೆಳೆಯ ಹಣವನ್ನೇ ಫಂಡಿಗೆ ಹಾಕಿದರೂ ಅಲ್ಲಿ ಬಂದ ಲಾಭ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ.

ಹಾಗಾದರೆ ಏನು ಮಾಡತಕ್ಕದ್ದು? ಮೊದಲು ಕೈಸಾಲ ತೀರಿಸಿ. ಮುಂದಿನ ಬೆಳೆಯ ಬೀಜ ಗೊಬ್ಬರದ ಹಣವನ್ನೂ ಆರು ತಿಂಗಳ ಮನೆಖರ್ಚನ್ನೂ ಬ್ಯಾಂಕಿನಲ್ಲೇ ಇಡಿ. ಮಿಕ್ಕಿದ್ದರಲ್ಲಿ ಎರಡು ಮೂರು ವರ್ಷ ಮುಟ್ಟಬೇಕಾಗದ ಒಂದು ಪಾಲನ್ನು ಮಾತ್ರ ಫಂಡಿಗೆ ಹಾಕಿ. ಏಜೆಂಟರ ಕೈಗೆ ನಗದು ಕೊಡಬೇಡಿ, ಹಣ ನಿಮ್ಮ ಖಾತೆಯಿಂದ ಫಂಡಿನ ಹೆಸರಿಗೇ ಹೋಗಲಿ. ಮನೆಯವರನ್ನು ನಾಮಿನಿ ಮಾಡಿ, ಕಾಗದ ಎಲ್ಲಿದೆ ಎಂದು ಅವರಿಗೆ ತಿಳಿಸಿ. ವರ್ಷಕ್ಕೊಮ್ಮೆ ಕೂತು ಲೆಕ್ಕ ಹಾಕಿ. ಅಸಲು ಕರಗುತ್ತಿದ್ದರೆ ತಿಂಗಳ ಮೊತ್ತವನ್ನು ಅಂದೇ ತಗ್ಗಿಸಿ.