ಊರುಗೋಲಿಗೆ ಹಿತವಾದ ಹಿಡಿ

ಊರುಗೋಲು ಕಾಲಿಗೆ ಆಸರೆಯೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಅದರ ಗುಣಾವಗುಣಗಳನ್ನು ನಿರ್ಣಯಿಸುವುದು ಅಂಗೈ. ಹಿಡಿದೊಡನೆ ಒತ್ತುವ, ಬೆವರಿಗೆ ಜಾರುವ ಕೋಲು ಎಷ್ಟೇ ಗಟ್ಟಿಯಾಗಿದ್ದರೂ ಕೆಲವೇ ದಿನಗಳಲ್ಲಿ ಬಾಗಿಲ ಮೂಲೆ ಸೇರುತ್ತದೆ. ಕೋಲನ್ನು ಬಿಟ್ಟು ನಡೆದ ಹಿರಿಯರು ಸ್ನಾನದ ಮನೆಯಲ್ಲೋ ಮೆಟ್ಟಿಲ ಮೇಲೋ ಎಡವಿ ಬೀಳುವ ಸಂಭವ ಹೆಚ್ಚು. ಮುಪ್ಪಿನಲ್ಲಿ ಸೊಂಟದ ಬಳಿಯ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ನಡೆಯಲಾಗದವರು ಅನೇಕರು.

ಠಾಣೆಯ ಖಾರಿಗೂ ಪಾರಸಿಕ್ ಬೆಟ್ಟಗಳಿಗೂ ನಡುವೆ ಇರುವ ನವಿ ಮುಂಬಯಿಯ ಮಹಾಪೆ ಕೈಗಾರಿಕೆಗಳ ನೆಲೆ. ಕರ್ನಾಟಕದ ಕರಾವಳಿಯಿಂದಲೂ ಉತ್ತರದ ಜಿಲ್ಲೆಗಳಿಂದಲೂ ದುಡಿಮೆಗಾಗಿ ಮುಂಬಯಿ ಪ್ರದೇಶಕ್ಕೆ ಬಂದ ಕುಟುಂಬಗಳಲ್ಲಿ ಇಂದು ಅಜ್ಜ ಅಜ್ಜಿಯರೂ ಇದ್ದಾರೆ. ಊರಿನ ಮಣ್ಣಿನ ದಾರಿಗೆ ಸಾಕೆನಿಸಿದ ಬೆತ್ತದ ಅಥವಾ ಮರದ ಕೋಲು, ಇಲ್ಲಿನ ನುಣುಪಾದ ನೆಲಕ್ಕೂ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಜಡಿಮಳೆಗೂ ಸಾಲದು. ಅದನ್ನು ಎಸೆಯಬೇಕಾಗಿಲ್ಲ, ಒಳ್ಳೆಯ ಹಿಡಿಯೊಂದನ್ನು ಮನೆಯಲ್ಲಿಯೇ ಕೂಡಿಸಬಹುದು.

ಮೊದಲು ಕೋಲನ್ನೇ ಪರೀಕ್ಷಿಸಬೇಕು. ಬಿರುಕು ಅಥವಾ ಹುಳು ತಿಂದ ರಂಧ್ರವಿದ್ದರೆ ಹಿಡಿ ಹಾಕಿ ಫಲವಿಲ್ಲ. ಅನಂತರ ಎತ್ತರ. ನಿತ್ಯ ಮೆಟ್ಟುವ ಪಾದರಕ್ಷೆಯೊಡನೆ ನೆಟ್ಟಗೆ ನಿಂತು, ತೋಳನ್ನು ಸಡಿಲವಾಗಿ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಷ್ಟು ಎತ್ತರದಲ್ಲಿದೆಯೋ ಅಲ್ಲಿಗೆ ಹಿಡಿ ಬರಬೇಕು. ಕೋಲನ್ನು ಊರಿದಾಗ ಮೊಣಕೈ ತುಸು ಬಾಗಿರಬೇಕು. ಉದ್ದನೆಯ ಕೋಲಿನ ತುದಿಗೇ ಹಿಡಿ ಕಟ್ಟಿದರೆ ಭುಜ ಮೇಲೇರಿ ನೋಯುತ್ತದೆ.

ಗುರುತಿಸಿದ ಎತ್ತರದಲ್ಲಿ ಸುಮಾರು 12 ಸೆಂಟಿಮೀಟರ್ ಭಾಗವನ್ನು ಉಪ್ಪುಕಾಗದದಿಂದ ಉಜ್ಜಿ ಸಿಬಿರು ತೆಗೆಯಬೇಕು. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಎಳೆದು ಸುತ್ತಿದರೆ ಮೆತ್ತೆಯಾಗುತ್ತದೆ. ಒದ್ದೆಯಾದ ರಬ್ಬರು ಜಾರುವುದರಿಂದ ಅದರ ಮೇಲೆ ಹತ್ತಿಯ ಹುರಿ ಬೇಕು. ಹುರಿಯ ಆರಂಭದ ಭಾಗವನ್ನು ಕುಣಿಕೆಯಾಗಿ ಮಡಿಚಿ ಕೋಲಿನ ಉದ್ದಕ್ಕೆ ಇಟ್ಟು, ಅದರ ಮೇಲೆಯೇ ಸುತ್ತಿಗೆ ಸುತ್ತು ತಾಗುವಂತೆ ಬಿಗಿಯಾಗಿ ಸುತ್ತಬೇಕು. ಕೊನೆಯ ತುದಿಯನ್ನು ಕುಣಿಕೆಯಲ್ಲಿ ತೂರಿಸಿ, ಹೊರಗುಳಿದ ಮೊದಲ ತುದಿಯನ್ನು ಎಳೆದರೆ ಕುಣಿಕೆಯು ಸುತ್ತುಗಳ ಅಡಿಗೆ ಸೇರುತ್ತದೆ. ಉಳಿದ ತುದಿಗಳನ್ನು ಕತ್ತರಿಸಿದರೆ ಅಂಗೈಗೆ ತಾಗುವ ಗಂಟೇ ಇರುವುದಿಲ್ಲ.

ಹಿಡಿಯ ದಪ್ಪವನ್ನು ಬಳಸುವವರ ಕೈಯಲ್ಲಿಯೇ ಅಳೆಯಬೇಕು. ಉಗುರುಗಳು ಅಂಗೈಗೆ ಚುಚ್ಚಿದರೆ ಅದು ತೆಳು. ಬೆರಳುಗಳು ಬಳಸಿ ಹಿಡಿಯಲಾರದಿದ್ದರೆ ಅದು ದಪ್ಪ. ಸಂಧಿವಾತದಿಂದ ಬೆರಳು ಮಡಿಚಲಾರದವರಿಗೆ ತುಸು ದಪ್ಪನೆಯ, ಮೃದುವಾದ ಹಿಡಿ ಹಿತಕರ.

ಇಂತಹ ನೇರ ಹಿಡಿ ಸಮತೋಲನಕ್ಕೆ ಮಾತ್ರ ಸಾಕು. ಕೋಲಿನ ಮೇಲೆ ಮೈಭಾರ ಹಾಕಿ ನಡೆಯುವವರಿಗೆ ಅಡ್ಡ ಹಿಡಿ ಅಗತ್ಯ. ಅದನ್ನು ಬರಿಯ ಮೊಳೆಯಿಂದ ಹೊಡೆದು ಕೂಡಿಸುವುದು ಅಪಾಯಕರ. ಬಡಗಿಯಿಂದ ಭದ್ರವಾಗಿ ಜೋಡಿಸಿಕೊಳ್ಳಬೇಕು. ಕೋಲಿನ ಬುಡಕ್ಕೆ ರಬ್ಬರ್ ಬುಷ್ ಇರಲೇಬೇಕು, ಸವೆದೊಡನೆ ಅದನ್ನು ಬದಲಿಸಬೇಕು. ಸಾಮಾನ್ಯವಾಗಿ ಕೋಲನ್ನು ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯುವುದು ಸರಿ. ಮಳೆಗೆ ನೆನೆದ ಹುರಿಯನ್ನು ಒಣಗಿಸಬೇಕು. ಸಡಿಲಗೊಂಡರೆ ಮತ್ತೆ ಸುತ್ತಬೇಕು. ಮೇಲಿಂದ ಮೇಲೆ ಬೀಳುವವರು ವೈದ್ಯರನ್ನು ಕಾಣಬೇಕು.

ಕೇಂದ್ರ ಸರ್ಕಾರವು 2017ರ ಏಪ್ರಿಲ್ 1ರಂದು ಆರಂಭಿಸಿದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ, 60 ವರ್ಷ ದಾಟಿದ ಅರ್ಹ ಬಡ ಹಿರಿಯರಿಗೆ ಕೊಡುವ ಸಾಧನಗಳಲ್ಲಿ ಊರುಗೋಲೂ ಸೇರಿದೆ. ಕಾನ್ಪುರದ ಅಲಿಂಕೋ ಸಂಸ್ಥೆ ಇದರ ನಿರ್ವಹಣೆಯನ್ನು ಹೊತ್ತಿದೆ.

ಕೋಲು ಅಂಗಡಿಯದಾಗಲಿ, ಸರ್ಕಾರ ಕೊಟ್ಟದ್ದಾಗಲಿ, ಅಜ್ಜನೇ ಕೆತ್ತಿಕೊಂಡದ್ದಾಗಲಿ, ಅದು ಕೈಗೆ ಒಗ್ಗಿದಾಗಲೇ ಕಾಲಿಗೆ ಆಸರೆಯಾಗುತ್ತದೆ. ಮನೆಯ ಕಿರಿಯರು ಒಂದು ಸಂಜೆ ಹಿರಿಯರ ಪಕ್ಕದಲ್ಲಿ ಕುಳಿತು, ಅವರ ಕೈಯ ಅಳತೆ ನೋಡಿ ಹಿಡಿ ಸುತ್ತಿಕೊಟ್ಟರೆ ಆ ಕೋಲು ಮೂಲೆ ಸೇರದು. ಹಿರಿಯರೂ ಮನೆಯ ಮೂಲೆ ಸೇರಬೇಕಾಗದು.