ಬೀಗರ ಊಟಕ್ಕೆ ವೈನ್ ಬೇಕಂತೆ!



ನಮ್ಮ ಮೈಸೂರು ಸೀಮೆಯಲ್ಲಿ ಒಂದು ವಿಚಿತ್ರ ಇದೆ. ಯಾವ ಹೋಬಳಿ ಕೇಂದ್ರಕ್ಕೆ ಹೋದ್ರೂ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ ಒಂದು ಬೋರ್ಡ್ ಕಾಣುತ್ತೆ. ದೊಡ್ಡ ಅಕ್ಷರದಲ್ಲಿ 'ವೈನ್ಸ್'. ಒಳಗೆ ಹೋಗಿ ಒಂದು ಬಾಟಲಿ ವೈನ್ ಕೊಡಿ ಅಂತ ಕೇಳಿ ನೋಡಿ. ಅಂಗಡಿಯವನು ನಿಮ್ಮ ಮುಖವನ್ನೇ ಒಂದು ಗಳಿಗೆ ನೋಡ್ತಾನೆ. ವಿಸ್ಕಿ ಇದೆ, ಬ್ರಾಂದಿ ಇದೆ, ರಮ್ ಇದೆ, ಟೆಟ್ರಾ ಪ್ಯಾಕ್ ರಾಶಿ ಇದೆ. ಬೋರ್ಡ್ ಮೇಲೆ ಬರೆದಿರೋದು ಮಾತ್ರ ಇಲ್ಲ! ತುಂಬಾ ಒತ್ತಾಯ ಮಾಡಿದ್ರೆ ಮೇಲಿನ ಸಾಲಿಂದ ಧೂಳು ಹಿಡಿದ ಪೋರ್ಟ್ ವೈನ್ ಬಾಟಲಿ ಒಂದು ಇಳಿದು ಬರುತ್ತೆ.

ಈ ವಿಚಾರ ಇವತ್ತು ಯಾಕೆ ಬಂತು ಅಂದ್ರೆ, ಕಾಲ ಬದಲಾಗಿದೆ. ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆಯ ನನ್ನ ಚಿಕ್ಕಪ್ಪ ಒಬ್ಬರು ಫೋನ್ ಮಾಡಿದ್ರು. ಮಗಳ ಮದುವೆ. ಗಂಡಿನ ಕಡೆಯವರು ಬೆಂಗಳೂರಿನವರು. ಬೀಗರ ಊಟದ ಮಾತು ಬಂದಾಗ ಅಲ್ಲಿಂದ ಯಾರೋ ಒಂದು ಮಾತು ತೇಲಿಬಿಟ್ಟಿದ್ದಾರೆ, 'ನಮ್ಮ ಹುಡುಗರು ವೈನ್ ಅಷ್ಟೇ ತಗೊಳ್ಳೋದು' ಅಂತ. ಚಿಕ್ಕಪ್ಪನ ಪ್ರಶ್ನೆ ಇಷ್ಟು: "ಮಗ, ನೀನು ಇಂಜಿನಿಯರಿಂಗ್ ಓದಿದ್ದೀಯ, ಟೀವೀಲಿ ಬೇರೆ ಬತ್ತೀಯ. ವೈನು ಅಂದ್ರೆ ಯಾವ್ದು ತರ್ಬೇಕು, ಎಷ್ಟು ತರ್ಬೇಕು, ಎಲ್ಲಿ ತರ್ಬೇಕು, ಒಸಿ ಹೇಳಪ್ಪ. ಮರ್ವಾದೆ ಪ್ರಶ್ನೆ ಕಣಪ್ಪ."

ಮರ್ಯಾದೆ ಪ್ರಶ್ನೆ! ಈ ಎರಡು ಪದ ನಮ್ಮ ಹಳ್ಳಿಗಳಲ್ಲಿ ಎಷ್ಟು ಗದ್ದೆಗಳನ್ನ ಅಡ ಇಡಿಸಿದೆಯೋ ಲೆಕ್ಕ ಇಟ್ಟವರಿಲ್ಲ. ಆದ್ರೆ ಕೇಳಿದ ಪ್ರಶ್ನೆಗೆ ಮೊದಲು ನೇರ ಉತ್ತರ ಕೊಡಬೇಕು, ಬುದ್ಧಿಮಾತು ಆಮೇಲೆ. ಹಾಗಾಗಿ ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಇದು ಯಾವ ಕಂಪನಿಯ ಜಾಹೀರಾತೂ ಅಲ್ಲ, ಕುಡಿಯಿರಿ ಅನ್ನೋ ಪ್ರಚಾರವೂ ಅಲ್ಲ.

ಮೊದಲನೇ ಮಾತು. ವೈನ್ ಹೊರದೇಶದ ವಸ್ತು, ದೊಡ್ಡವರ ವಸ್ತು ಅನ್ನೋ ಭಯ ಬಿಡಿ. ಅದು ನಮ್ಮ ರೈತ ಬೆಳೆದ ದ್ರಾಕ್ಷಿಯ ರಸ ಹುಳಿ ಬಂದು ಆಗೋದು. ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ 1980ರ ದಶಕದಿಂದಲೇ ಗ್ರೋವರ್ ಕುಟುಂಬದವರು ಫ್ರೆಂಚ್ ತಳಿಯ ದ್ರಾಕ್ಷಿ ಹಾಕಿದ್ರು. ಕೊಪ್ಪಳ ಜಿಲ್ಲೆಯಲ್ಲಿ, ಹಂಪಿಗೆ ಹತ್ತಿರದಲ್ಲೂ ವೈನ್ ದ್ರಾಕ್ಷಿಯ ತೋಟ ಇದೆ. ಬೆಂಗಳೂರಿಂದ ಮೈಸೂರಿಗೆ ಬರೋ ದಾರಿಯಲ್ಲಿ, ಬೊಂಬೆಯ ಊರು ಚನ್ನಪಟ್ಟಣದ ಹತ್ತಿರ ನಾಸಿಕ್‌ನ ಸುಲಾ ಕಂಪನಿಯ ವೈನರಿಯೇ ಇದೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಗುರುತು, ಅಂದ್ರೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ.

ಇಲ್ಲೊಂದು ಇತಿಹಾಸ ನೆನಪಿಸ್ತೀನಿ. 2007. ಆ ವರ್ಷ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯ್ತು. ಅದೇ 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂತು, ವೈನ್ ಮಂಡಳಿ ಮಾಡ್ತು. ಒಂದು ಕೈಯಲ್ಲಿ ಬಡವನ ಪ್ಯಾಕೆಟ್ ಕಿತ್ತುಕೊಂಡು, ಇನ್ನೊಂದು ಕೈಯಲ್ಲಿ ದ್ರಾಕ್ಷಿ ಬೆಳೆಗಾರನ ಹೆಸರಲ್ಲಿ ಬಾಟಲಿ ಹಿಡಿದ ವರ್ಷ ಅದು. ಸಾರಾಯಿ ಕುಡೀತಿದ್ದವರು ವೈನ್‌ಗೆ ಬಂದ್ರಾ? ಇಲ್ಲ. ಕಡಿಮೆ ಬೆಲೆಯ ವಿಸ್ಕಿ, ಬ್ರಾಂದಿಗೆ ಹೋದ್ರು. 'ವೈನ್ಸ್' ಬೋರ್ಡಿನ ಕೆಳಗೆ ಇವತ್ತು ಮಾರಾಟ ಆಗ್ತಿರೋದು ಅದೇ.

ಈಗ ಯಾವುದು ತರಬೇಕು? ಬೀಗರ ಊಟದಲ್ಲಿ ಏನಿರುತ್ತೆ ಅನ್ನೋದರ ಮೇಲೆ ಅದು ನಿಂತಿದೆ. ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು, ಚಾಪ್ಸ್, ಕಬಾಬ್. ಖಾರ, ಮಸಾಲೆ, ಕೊಬ್ಬು. ಕೆಂಪು ವೈನ್‌ನಲ್ಲಿ ಒಗರು ಇರುತ್ತೆ, ಬಲಿಯದ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿದ ಹಾಗೆ ಆಗುತ್ತಲ್ಲ, ಅದು. ಖಾರದ ಜೊತೆ ಈ ಒಗರು ಸೇರಿದ್ರೆ ಬಾಯಿ ಇನ್ನಷ್ಟು ಉರಿಯುತ್ತೆ. ಆಲ್ಕೋಹಾಲ್ ಜಾಸ್ತಿ ಇದ್ದಷ್ಟೂ ಉರಿ ಜಾಸ್ತಿ. ಆದ್ದರಿಂದ ದುಬಾರಿ, ಗಟ್ಟಿ ಕೆಂಪು ವೈನ್ ಬೇಡ. ಸ್ವಲ್ಪ ಸಿಹಿ ಇರೋ ಬಿಳಿ ವೈನ್, ಇಲ್ಲಾ ಗುಲಾಬಿ ಬಣ್ಣದ ರೋಸೇ ನಮ್ಮ ಸಾರಿಗೆ ಹೊಂದುತ್ತೆ. ಚೆನಿನ್ ಬ್ಲಾಂಕ್ ಅಂತ ಬಾಟಲಿ ಮೇಲೆ ಬರೆದಿರುತ್ತೆ, ಆ ಹೆಸರು ಹೇಳಿ ಕೇಳಿ. ಕೆಂಪೇ ಬೇಕು ಅನ್ನೋರಿಗೆ ಹಗುರವಾದ ಶಿರಾಜ್ ನಾಲ್ಕೈದು ಬಾಟಲಿ ಇರಲಿ.

ಪುಸ್ತಕದಲ್ಲಿ ಕೆಂಪು ವೈನನ್ನ ರೂಮಿನ ಬಿಸಿಗೆ ಕುಡೀಬೇಕು ಅಂತ ಇರುತ್ತೆ. ಆ ರೂಮು ಯುರೋಪಿನ ರೂಮು, 16ರಿಂದ 18 ಡಿಗ್ರಿ. ನಮ್ಮ ಏಪ್ರಿಲ್ ತಿಂಗಳ ಶಾಮಿಯಾನದಲ್ಲಿ 35 ಡಿಗ್ರಿ ಇರುತ್ತೆ! ಕೆಂಪನ್ನೂ ಅರ್ಧ ಗಂಟೆ ಐಸ್ ನೀರಲ್ಲಿ ಇಡಿ. ಬಿಳಿ ವೈನ್ ಇನ್ನೂ ತಣ್ಣಗಿರಬೇಕು. ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಎರಡು ದಿನ ಬಿದ್ದಿದ್ದ ಬಾಟಲಿ ಹಾಳಾಗಿರುತ್ತೆ. ಬಿರಡೆ ಬದಲು ತಿರುಪಿನ ಮುಚ್ಚಳ ಇರೋದು ತಗೊಳ್ಳಿ. ಮದುವೆ ಮನೆಯಲ್ಲಿ ಬಿರಡೆ ಕೀಳೋ ಸಾಮಾನು ಹುಡುಕೋರು ಯಾರು? ಧೂಳು ಹಿಡಿದ ಬಿಳಿ ವೈನ್ ಹಳೆಯದು, ರುಚಿ ಅಂತ ನಂಬಬೇಡಿ. ಸಾಮಾನ್ಯ ಬೆಲೆಯ ಬಿಳಿ ವೈನ್ ಇಟ್ಟಷ್ಟೂ ಕೆಡುತ್ತೆ, ಇತ್ತೀಚಿನ ವರ್ಷದ್ದೇ ತನ್ನಿ.

ಎಷ್ಟು ತರಬೇಕು? ಇಲ್ಲಿ ನನ್ನ ಇಂಜಿನಿಯರಿಂಗ್ ಸ್ವಲ್ಪ ಉಪಯೋಗಕ್ಕೆ ಬರಲಿ. ಒಂದು ಬಾಟಲಿ 750 ಎಂ.ಎಲ್. ಒಂದು ಗ್ಲಾಸಿಗೆ 150 ಎಂ.ಎಲ್. ಅಂದ್ರೆ ಬಾಟಲಿಗೆ ಐದು ಗ್ಲಾಸ್. ಊಟಕ್ಕೆ 500 ಜನ ಬರಬಹುದು, ಆದ್ರೆ ವೈನ್ ಮುಟ್ಟೋರು 40 ಜನ ಅಂತ ಇಟ್ಕೊಳ್ಳಿ. ತಲೆಗೆ ಎರಡು ಗ್ಲಾಸ್, ಒಟ್ಟು 80 ಗ್ಲಾಸ್. 16 ಬಾಟಲಿ ಸಾಕು. ಬಾಟಲಿಗೆ 900 ರೂಪಾಯಿ ಹಿಡಿದ್ರೂ 14,400 ರೂಪಾಯಿ. ಇದನ್ನ ಬಿಟ್ಟು 'ಇರಲಿ, ಕಮ್ಮಿ ಬೀಳಬಾರದು' ಅಂತ ಐದು ಬಾಕ್ಸ್ ತಂದ್ರೆ 60 ಬಾಟಲಿ, 54 ಸಾವಿರ! ವ್ಯತ್ಯಾಸ ಎಷ್ಟು ಅಂತ ನೀವೇ ಕಳೆದು ನೋಡಿ. ಆ ದುಡ್ಡು ಭತ್ತ ಮಾರಿ ಬಂದಿದ್ದು. ಹುಣಸೂರು, ಪಿರಿಯಾಪಟ್ಟಣದ ಕಡೆಯಾದ್ರೆ ಹೊಗೆಸೊಪ್ಪಿನ ಹರಾಜಿಂದ ಬಂದಿದ್ದು. ಇಲ್ಲಾ ಸೊಸೈಟಿ ಸಾಲದ್ದು.

ಎಲ್ಲಿ ತರಬೇಕು? ಮೈಸೂರು ನಗರದ ದೊಡ್ಡ ಅಂಗಡಿಗಳಲ್ಲಿ ಆಯ್ಕೆ ಇರುತ್ತೆ. ಎಂ.ಆರ್.ಪಿ.ಗಿಂತ ಒಂದು ರೂಪಾಯಿ ಜಾಸ್ತಿ ಕೊಡಬೇಡಿ. ಬಿಲ್ ಕೇಳಿ ಪಡೀರಿ. ಮುಚ್ಚಳದ ಮೇಲೆ ಅಬಕಾರಿ ಚೀಟಿ ಇದೆಯಾ ನೋಡಿ. ಗೋವಾದಿಂದ ಬರೋ ಸ್ನೇಹಿತನ ಕೈಲಿ ತರಿಸೋದು, ಮಿಲಿಟರಿ ಕೋಟಾದ ಬಾಟಲಿ ಹುಡುಕೋದು, ಇವೆರಡೂ ಬೇಡ. ಹಾಗೆ ತಂದಿದ್ದು ಸಿಕ್ಕಿಬಿದ್ರೆ ಮದುವೆ ಮನೆಯವರು ಠಾಣೆ ಮುಂದೆ ನಿಲ್ಲಬೇಕಾಗುತ್ತೆ.

ಕಾನೂನು ಏನು ಹೇಳುತ್ತೆ ಅನ್ನೋದು ನಮ್ಮ ಬಹಳ ಜನಕ್ಕೆ ಗೊತ್ತೇ ಇಲ್ಲ. ವಿಸ್ಕಿ, ಬ್ರಾಂದಿ, ರಮ್ಮಿನಂಥದ್ದನ್ನ ಒಬ್ಬ ವ್ಯಕ್ತಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಮಿತಿ 2.3 ಲೀಟರ್. ಬಿಯರ್ 18.2 ಲೀಟರ್. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ಸಡಿಲ ಆಗಿ ಅಂಗಡಿ ಮುಂದೆ ಕಿಲೋಮೀಟರ್ ಉದ್ದ ಸಾಲು ನಿಂತಿತ್ತಲ್ಲ, ಆಗ ಒಬ್ಬರಿಗೆ ಕೊಟ್ಟಿದ್ದೂ ಇಷ್ಟೇ. 2.3 ಲೀಟರ್ ಅಂದ್ರೆ ಮೂರು ಫುಲ್ ಬಾಟಲಿ, ಅಷ್ಟೇ! ಈಗ ನಮ್ಮ ಬೀಗರ ಊಟದ ದಿನ ಪಂಪ್‌ಸೆಟ್ ಮನೆ ಹಿಂದೆ ಎಷ್ಟು ಬಾಕ್ಸ್ ಇಳಿಯುತ್ತೆ ನೆನಪು ಮಾಡ್ಕೊಳ್ಳಿ. ಸಮಾರಂಭಕ್ಕೆ ಮದ್ಯ ಬಡಿಸೋಕೆ ಅಬಕಾರಿ ಇಲಾಖೆ ಒಂದು ದಿನದ ಲೈಸೆನ್ಸ್ ಕೊಡುತ್ತೆ, ಸಿಎಲ್-5 ಅಂತ. ಜಿಲ್ಲಾ ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಛತ್ರಕ್ಕೆ ಮುಂಗಡ ಕೊಡ್ತೀವಿ, ಶಾಮಿಯಾನಕ್ಕೆ ಕೊಡ್ತೀವಿ, ಇದಕ್ಕೆ ಒಂದು ಅರ್ಜಿ ಹಾಕೋಕೆ ಏನು ಕಷ್ಟ?

ಈಗ ಎಲ್ಲಕ್ಕಿಂತ ಮುಖ್ಯ ವಿಷಯಕ್ಕೆ ಬರ್ತೀನಿ. 'ವೈನ್ ಏನೂ ಮಾಡಲ್ಲ ಬಿಡಿ, ಅದು ಹಣ್ಣಿನ ರಸ' ಅನ್ನೋ ಮಾತು. ಇದು ಅಪಾಯದ ಮಾತು. ಲೆಕ್ಕ ನೋಡಿ. 60 ಎಂ.ಎಲ್. ವಿಸ್ಕಿ, ಅದರಲ್ಲಿ ಶೇಕಡ 42.8 ಆಲ್ಕೋಹಾಲ್, ಅಂದ್ರೆ ಸುಮಾರು 26 ಎಂ.ಎಲ್. ಶುದ್ಧ ಆಲ್ಕೋಹಾಲ್. 150 ಎಂ.ಎಲ್. ವೈನ್, ಶೇಕಡ 13, ಅಂದ್ರೆ ಸುಮಾರು 20 ಎಂ.ಎಲ್. ವ್ಯತ್ಯಾಸ ಬರೀ ಆರು ಎಂ.ಎಲ್.! ಒಂದು ಇಡೀ ಬಾಟಲಿ ವೈನ್ ಕುಡಿದವನು ಹೆಚ್ಚುಕಮ್ಮಿ ನಾಲ್ಕು ಲಾರ್ಜ್ ಕುಡಿದ ಹಾಗೆ. ಗ್ಲಾಸಿನ ಆಕಾರ ನಾಜೂಕಾಗಿದೆ ಅಂತ ಲಿವರ್‌ಗೆ ಗೊತ್ತಾಗಲ್ಲ. ಯಾವ ಪ್ರಮಾಣದ ಆಲ್ಕೋಹಾಲೂ ಆರೋಗ್ಯಕ್ಕೆ ಸುರಕ್ಷಿತ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ.

ಒಂದು ಗ್ಲಾಸ್ ವೈನನ್ನ ದೇಹ ಕರಗಿಸೋಕೆ ಸುಮಾರು ಒಂದೂವರೆ ಗಂಟೆ ಬೇಕು. ಎರಡು ಗ್ಲಾಸಿಗೆ ಮೂರು ಗಂಟೆ. ಮಜ್ಜಿಗೆ ಕುಡಿದ್ರೆ, ನಿಂಬೆಹಣ್ಣು ಹಿಂಡಿಕೊಂಡ್ರೆ ಅದು ಬೇಗ ಇಳಿಯಲ್ಲ. ಮಧ್ಯಾಹ್ನ ಎರಡಕ್ಕೆ ಕುಡಿದು, ಮೂರಕ್ಕೆ ಉಂಡು, ಮೂರೂವರೆಗೆ ಬೈಕ್ ಹತ್ತೋ ಹುಡುಗನ ರಕ್ತದಲ್ಲಿ ಅದು ಓಡಾಡ್ತಾನೇ ಇರುತ್ತೆ. 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ದಾಟಿದ್ರೆ ಅಪರಾಧ. ಮೊದಲ ಸಲಕ್ಕೇ 10 ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ದಂಡ ಹೋಗಲಿ ಬಿಡಿ. ಬೀಗರ ಊಟಕ್ಕೆ ಬಂದವನು ನಾಲೆ ಏರಿ ಮೇಲೆ ಬಿದ್ದು ಸತ್ತ ಅನ್ನೋ ಸುದ್ದಿಯನ್ನ ಈ ಕುರ್ಚಿಯಲ್ಲಿ ಕೂತು ನಾನು ಓದಿದ್ದೀನಿ. ಆ ಮದುವೆಯ ಹೆಣ್ಣುಮಗಳು ಜೀವನಪೂರ್ತಿ ಏನು ಕೇಳಿಸ್ಕೋಬೇಕು? 'ಅವಳು ಕಾಲಿಟ್ಟ ಗಳಿಗೆ' ಅಂತ! ಬಾಟಲಿ ತಂದವನನ್ನ, ಕುಡಿಸಿದವನನ್ನ ಯಾರೂ ಬೈಯಲ್ಲ.

ಹಾಗಾಗಿ ಕೊಡಲೇಬೇಕು ಅಂತ ತೀರ್ಮಾನ ಮಾಡಿದ್ರೆ ಹೀಗೆ ಮಾಡಿ. ಮೊದಲು ಊಟ, ಜೊತೆಗೆ ವೈನ್. ಖಾಲಿ ಹೊಟ್ಟೆಗೆ ಬೇಡ. ಬಾಟಲಿಯನ್ನ ಮೇಜಿನ ಮೇಲೆ ಬಿಡಬೇಡಿ, ಜವಾಬ್ದಾರಿ ಇರೋ ಒಬ್ಬರು ಅಳತೆ ಮಾಡಿ ಬಡಿಸಲಿ. 21 ತುಂಬದ ಹುಡುಗರ ಕೈಗೆ ಗ್ಲಾಸ್ ಹೋಗದಿರಲಿ. ವಾಪಸ್ ಕರ್ಕೊಂಡು ಹೋಗೋಕೆ ಒಂದು ಟಿಟಿ ಗಾಡಿ ಗೊತ್ತು ಮಾಡಿ, ಕುಡಿಯದ ಡ್ರೈವರ್ ಇರಲಿ. ಮಿಕ್ಕವರಿಗೆ ಅದೇ ಬೆಂಗಳೂರು ನೀಲಿ ದ್ರಾಕ್ಷಿಯ ತಣ್ಣನೆ ಜ್ಯೂಸ್ ಮಾಡಿಸಿ. ದ್ರಾಕ್ಷಿ ಬೆಳೆಗಾರನಿಗೆ ಅದರಿಂದಲೂ ದುಡ್ಡು ಹೋಗುತ್ತೆ.

ಮುಚ್ಚುಮರೆಯೂ ಬೇಡ. ಪಿರಿಯಾಪಟ್ಟಣ ದಾಟಿದ್ರೆ ಕೊಡಗು. ಅಲ್ಲಿ ಕೊಡವರ ಮದುವೆಯಲ್ಲಿ ಮದ್ಯ ಎಲ್ಲರ ಕಣ್ಣೆದುರೇ ಇರುತ್ತೆ, ಹಿರಿಯರು ಅಲ್ಲೇ ಕೂತಿರ್ತಾರೆ. ನಮ್ಮಲ್ಲಿ ತೋಟದ ಹಿಂದೆ, ಕಾರಿನ ಮರೆಯಲ್ಲಿ, ಪ್ಲಾಸ್ಟಿಕ್ ಲೋಟದಲ್ಲಿ, ಅವಸರ ಅವಸರವಾಗಿ. ಕದ್ದು ಕುಡಿಯೋನು ಯಾವಾಗಲೂ ಜಾಸ್ತಿ ಕುಡೀತಾನೆ. ಆದ್ರೆ ಎದುರಿಗೇ ಇಟ್ಟರೆ ಎಲ್ಲ ಸರಿಹೋಗುತ್ತೆ ಅಂತಲೂ ನಾನು ಹೇಳ್ತಿಲ್ಲ. ಕುಡಿತದಿಂದ ಮನೆ ಕಳ್ಕೊಂಡ ಹೆಣ್ಣುಮಕ್ಕಳು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಸಂಖ್ಯೆಯಲ್ಲಿ ನಡ್ಕೊಂಡು ಬಂದ್ರಲ್ಲ, ಮದ್ಯ ನಿಷೇಧ ಮಾಡಿ ಅಂತ? ಅಬಕಾರಿಯಿಂದ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಮೀರಿ ಎಣಿಸೋ ಸರ್ಕಾರಕ್ಕೆ ಅವರ ಕಾಲಿನ ಬೊಬ್ಬೆ ಕಾಣಲಿಲ್ಲ. ಮದುವೆ ಮನೆಯ ಯಜಮಾನನಿಗಾದ್ರೂ ಕಾಣಬೇಕು.

ಅದಕ್ಕೇ ಒಂದು ಸಲಹೆ. ಬಾಟಲಿ ಪಟ್ಟಿ ಬರೆಯೋ ಮೊದಲು ಮನೆಯ ಹೆಂಗಸರನ್ನ ಕೂರಿಸ್ಕೊಂಡು ಕೇಳಿ. ಅಮ್ಮನ್ನ ಕೇಳಿ, ಹೆಂಡತಿಯನ್ನ ಕೇಳಿ, ಮದುವೆ ಆಗ್ತಿರೋ ಮಗಳನ್ನೇ ಕೇಳಿ. ಅವರು ಬೇಡ ಅಂದ್ರೆ ಅಲ್ಲಿಗೆ ಮುಗೀತು. ಬೀಗರಿಗೆ ಧೈರ್ಯವಾಗಿ ಹೇಳಿ, 'ನಮ್ಮ ಮನೆಯಲ್ಲಿ ಊಟ ಚೆನ್ನಾಗಿರುತ್ತೆ, ಕುಡಿಯೋದು ಇರಲ್ಲ' ಅಂತ. ಇದೇ ಹಳೇ ಮೈಸೂರಿನ ನೆಲದಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನ 1966ರಲ್ಲಿ ಮಂತ್ರ ಮಾಂಗಲ್ಯದ ರೀತಿ ಸರಳವಾಗಿ ಮಾಡಿದ್ರು. ಅವರ ಮರ್ಯಾದೆ ಒಂದು ಗುಲಗಂಜಿಯಷ್ಟೂ ಕಮ್ಮಿ ಆಗಲಿಲ್ಲ.

ವೈನ್ ತರೋದು ತಪ್ಪು ಅಂತ ನಾನು ಹೇಳಲ್ಲ, ತರದೇ ಇರೋದು ಅವಮಾನ ಅನ್ನೋದನ್ನ ಮಾತ್ರ ಒಪ್ಪಲ್ಲ. ತರೋದಾದ್ರೆ ಲೆಕ್ಕ ಹಾಕಿ ತನ್ನಿ, ಕಾನೂನು ತಿಳ್ಕೊಂಡು ತನ್ನಿ, ಬಂದ ನೆಂಟ ಕ್ಷೇಮವಾಗಿ ಮನೆ ಸೇರೋ ವ್ಯವಸ್ಥೆ ಮಾಡಿ ತನ್ನಿ. ಸಾಲ ಮಾಡಿ ಮಾತ್ರ ತರಬೇಡಿ. ಬೀಗರು ವೈನ್ ರುಚಿಯನ್ನ ಎಂಟು ದಿನದಲ್ಲಿ ಮರೀತಾರೆ. ಬಡ್ಡಿ ಕಟ್ಟೋನು ಎಂಟು ವರ್ಷ ಮರೆಯಲ್ಲ.

ಯೋಚನೆ ಮಾಡಿ.