ಸಕ್ಕರೆ ಕಾಯಿಲೆ, ಮೂತ್ರಪಿಂಡ ಮತ್ತು ವಂಶಪಾರಂಪರ್ಯ
(ಸುವರ್ಣ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ಓದಿ ಮೂತ್ರಪಿಂಡದ ವೈದ್ಯನಾದ ನಾನು ದಿನವೂ ಕೇಳುವ ಮಾತೊಂದಿದೆ: "ನಮ್ಮ ತಂದೆಗೂ ಶುಗರ್ ಇತ್ತು, ಕಿಡ್ನಿ ಹೋಯ್ತು. ವಂಶದಲ್ಲೇ ಇದೆ, ಏನು ಮಾಡೋಕಾಗುತ್ತೆ ಡಾಕ್ಟ್ರೇ?" ವಂಶದ ಮಾತು ನಿಜ. ಆದರೆ ಏನೂ ಮಾಡಲಾಗದು ಎಂಬುದು ಸುಳ್ಳು.

ಸಕ್ಕರೆ ಕಾಯಿಲೆಯವರಲ್ಲಿ ನೂರಕ್ಕೆ ಸುಮಾರು 30ರಿಂದ 40 ಮಂದಿಗೆ ಮೂತ್ರಪಿಂಡದ ತೊಂದರೆ ಬರುತ್ತದೆ. ಉಳಿದವರಿಗೆ ಬರುವುದಿಲ್ಲ. ಈ ವ್ಯತ್ಯಾಸಕ್ಕೆ ಶುಗರ್ ಮತ್ತು ಬಿಪಿಯ ಹತೋಟಿ ಒಂದು ಕಾರಣ, ಅನುವಂಶೀಯತೆ ಇನ್ನೊಂದು.

ಅಮೆರಿಕದ ಅರಿಜೋನಾದಲ್ಲಿರುವ ಪಿಮಾ ಮೂಲನಿವಾಸಿಗಳಲ್ಲಿ ಈ ಕಾಯಿಲೆ ಬಹಳ ಹೆಚ್ಚು. ಅವರ ಎರಡು ತಲೆಮಾರುಗಳ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆ ಇದ್ದ ಮಕ್ಕಳ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ನೋಡಿದರು. ತಂದೆತಾಯಿ ಇಬ್ಬರಿಗೂ ಆ ತೊಂದರೆ ಇಲ್ಲದಿದ್ದಾಗ ಮಕ್ಕಳಲ್ಲಿ ನೂರಕ್ಕೆ ಸುಮಾರು 14 ಮಂದಿಗೆ, ಒಬ್ಬರಿಗೆ ಇದ್ದಾಗ 23 ಮಂದಿಗೆ, ಇಬ್ಬರಿಗೂ ಇದ್ದಾಗ 46 ಮಂದಿಗೆ ಅದು ಕಂಡಿತು. ಗಮನಿಸಿ, ಇಬ್ಬರಿಗೂ ಇದ್ದಾಗಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಅದು ಕಾಣಲಿಲ್ಲ.

ಮಕ್ಕಳೇ, ನೀವು ಮೆಂಡೆಲ್‌ನ ಬಟಾಣಿ ಗಿಡದ ಪಾಠ ಓದಿದ್ದೀರಿ. ಅಲ್ಲಿ ಗಿಡದ ಎತ್ತರವನ್ನು ಒಂದೇ ಜೀನ್ ತೀರ್ಮಾನಿಸುತ್ತದೆ. ಇಲ್ಲಿ ಹಾಗಲ್ಲ, ಅನೇಕ ಜೀನ್‌ಗಳು ಸ್ವಲ್ಪ ಸ್ವಲ್ಪ ಪಾಲು ಹಾಕುತ್ತವೆ. ಮೂತ್ರಪಿಂಡದಲ್ಲಿ ರಕ್ತ ಸೋಸುವ ಪೊರೆಗೆ ಕೊಲಾಜೆನ್ ಎಂಬ ಪ್ರೋಟೀನ್ ಬೇಕು. ಟೈಪ್ 1 ಸಕ್ಕರೆ ಕಾಯಿಲೆ ಇರುವ, ಯೂರೋಪ್ ಮೂಲದ ಸುಮಾರು 19 ಸಾವಿರ ಜನರನ್ನು ಪರೀಕ್ಷಿಸಿದ 2019ರ ಅಧ್ಯಯನದಲ್ಲಿ, ಆ ಕೊಲಾಜೆನ್ ತಯಾರಿಸುವ ಜೀನ್‌ನ ಒಂದು ಬದಲಾವಣೆ ಇದ್ದವರಿಗೆ ಮೂತ್ರಪಿಂಡದ ತೊಂದರೆ ಕಡಿಮೆ ಎಂದು ತಿಳಿಯಿತು. ಅಂದರೆ ವಂಶದಿಂದ ಅಪಾಯವಷ್ಟೇ ಅಲ್ಲ, ರಕ್ಷಣೆಯೂ ಬರುತ್ತದೆ.

ಹಾಗಾದರೆ ದುಬಾರಿ ಜೀನ್ ಪರೀಕ್ಷೆ ಮಾಡಿಸಬೇಕೇ? ಸಾಮಾನ್ಯವಾಗಿ ಬೇಡ. ಮನೆಯ ಹಿರಿಯರ ಆರೋಗ್ಯದ ಇತಿಹಾಸ ತಿಳಿದುಕೊಳ್ಳಿ, ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ. ಟೈಪ್ 2 ಕಾಯಿಲೆ ಗೊತ್ತಾದ ದಿನದಿಂದಲೇ, ಟೈಪ್ 1 ಆದರೆ ಐದು ವರ್ಷಗಳ ನಂತರ, ವರ್ಷಕ್ಕೊಮ್ಮೆ ಎರಡು ಪರೀಕ್ಷೆ ಮಾಡಿಸಿ: ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್. ಮುಖ, ಕಾಲು ಊದಿಕೊಳ್ಳುವವರೆಗೆ ಕಾಯಬೇಡಿ. ಮೊದಮೊದಲು ಈ ಕಾಯಿಲೆಗೆ ನೋವೂ ಇಲ್ಲ, ಸುಸ್ತೂ ಇಲ್ಲ; ಆಲ್ಬುಮಿನ್ ಒಂದೇ ಸುಳಿವು ಕೊಡುತ್ತದೆ. ಆಗ ಸಿಕ್ಕಿದರೆ, ಶುಗರ್ ಮತ್ತು ಬಿಪಿಯ ಹತೋಟಿ, ಲೋಸಾರ್ಟಾನ್‌ನಂತಹ ಮಾತ್ರೆ, ಈಚಿನ ಎಸ್‌ಜಿಎಲ್‌ಟಿ2 ಔಷಧಗಳಿಂದ ಹಾನಿಯನ್ನು ನಿಧಾನಗೊಳಿಸಬಹುದು. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬೇಡಿ. ಬೀಡಿ, ಸಿಗರೇಟು ಬಿಡಿ.

ಇನ್ನೊಂದು ಮಾತು. ತಂದೆಗೆ ಡಯಾಲಿಸಿಸ್ ಆಗುತ್ತಿರುವಾಗ ಮಕ್ಕಳೆಲ್ಲ ಅವರ ಆರೈಕೆಯಲ್ಲೇ ಮುಳುಗಿರುತ್ತಾರೆ. ಆ ಮಕ್ಕಳೂ ತಮ್ಮ ಶುಗರ್, ಬಿಪಿ ನೋಡಿಸಿಕೊಳ್ಳಬೇಕು. ಕಿಡ್ನಿ ದಾನಕ್ಕೆ ಮುಂದೆ ಬರುವ ಮಗ ಅಥವಾ ಮಗಳಿಗಂತೂ ಈ ತಪಾಸಣೆ ತಪ್ಪಲೇಬಾರದು.

ಜೀನ್ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಪರೀಕ್ಷೆ ಮಾಡಿಸುವುದು ನಮ್ಮ ಕೈಯಲ್ಲಿದೆ. ಇಂದು ಮನೆಗೆ ಹೋದವರು ಶುಗರ್ ಇರುವ ಹಿರಿಯರನ್ನು "ಮೂತ್ರ ಪರೀಕ್ಷೆ ಯಾವಾಗ ಮಾಡಿಸಿದ್ದೀರಿ?" ಎಂದು ಕೇಳಿದರೆ ನನ್ನ ಮಾತು ಸಾರ್ಥಕ.